ನಾರಾಯಣಖೇಡಿನಿಂದ ಎಷ್ಟು ದೂರ? ರಣತಂತ್ರದ ಕಂಪ್ಯೂಟರ್ ಆಟಗಳ ಮೂರು ದಶಕ

ಅಮೆರಿಕದ ಡಲ್ಲಾಸಿನ ಎನ್ಸೆಂಬಲ್ ಸ್ಟುಡಿಯೋಸ್ ತಯಾರಿಸಿದ ‘ಏಜ್ ಆಫ್ ಎಂಪೈರ್ಸ್’ ಎರಡನೆಯ ಭಾಗ ಮಾರುಕಟ್ಟೆಗೆ ಬಂದದ್ದು 1999ರ ಸೆಪ್ಟೆಂಬರ್ ಕೊನೆಯಲ್ಲಿ. ಅದು ಓಡಲು 166 ಮೆಗಾಹರ್ಟ್ಸ್‌ನ ಪೆಂಟಿಯಂ, 32 ಎಂಬಿ ರ‍್ಯಾಮ್ ಇದ್ದರೆ ಸಾಕಿತ್ತು. 2019ರಲ್ಲಿ ಅದೇ ಆಟವನ್ನು ಹೊಸದಾಗಿ ತಿದ್ದಿ ತಂದಾಗಲೂ ಕೇಳಿದ್ದು 4 ಜಿಬಿ ರ‍್ಯಾಮ್ ಮತ್ತು ಒಂದು ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಅಷ್ಟೆ. ತೆಲಂಗಾಣದ ಗಡಿಭಾಗದ ಜಹೀರಾಬಾದಿನಲ್ಲೋ ತಾಂಡೂರಿನಲ್ಲೋ ಹಳೆಯ ಕಂಪ್ಯೂಟರ್ ಕೊಳ್ಳುವವನಿಗೂ ಎಟಕುವ ಯಂತ್ರ ಅದು. ಜಗತ್ತಿನ ಅತ್ಯುತ್ತಮ ಆಟಗಾರ ಕೂರುವ ಪಟವೂ ನಮ್ಮ ಹುಡುಗ ಕೂರುವ ಪಟವೂ ಒಂದೇ. ಆಟದ ಆರಂಭದಲ್ಲಿ ಇಬ್ಬರಿಗೂ ಅದೇ ಮೂವರು ಹಳ್ಳಿಗರು, ಅದೇ ಒಬ್ಬ ಕುದುರೆಸವಾರ, ಅದೇ 200 ಮೂಟೆ ಆಹಾರ.

ಹಾಗಾದರೆ ಮೇಲಿನ ಸಾಲಿನ ಆಟಗಾರರು ಕೆಲವೇ ದೇಶಗಳಲ್ಲಿ ಏಕೆ ಹುಟ್ಟುತ್ತಾರೆ? ಮೂರು ದಶಕಗಳ ಚರಿತ್ರೆ ಕೊಡುವ ಉತ್ತರ ನನ್ನ ಮಟ್ಟಿಗೆ ಸ್ಪಷ್ಟ. ತನಗಿಂತ ಒಂದು ಗೇಣು ಮೇಲಿರುವ ಎದುರಾಳಿ ದಿನವೂ ಸಿಗುವ ಜಾಗದಲ್ಲಿ, ಆಟವನ್ನು ಸ್ವಂತ ಭಾಷೆಯಲ್ಲಿ ಬಿಡಿಸಿ ಹೇಳುವ ಜನ ಇರುವಲ್ಲಿ ಅವರು ಹುಟ್ಟಿದ್ದಾರೆ.

ಈ ಬಗೆಯ ಆಟದ ಅಚ್ಚು ಬಿದ್ದದ್ದು 1992ರ ‘ಡ್ಯೂನ್ 2’ರಲ್ಲಿ. ಸಂಪತ್ತು ಸಂಗ್ರಹಿಸು, ಕಟ್ಟಡ ಕಟ್ಟು, ಸೈನ್ಯ ಬೆಳೆಸು, ಎದುರಾಳಿಯನ್ನು ಕೆಡವು. ಇದೆಲ್ಲ ಸರದಿಯಂತೆ ಅಲ್ಲ, ಇಬ್ಬರೂ ಒಟ್ಟಿಗೇ, ಗಡಿಯಾರ ಓಡುತ್ತಿರುವಾಗಲೇ. 1994ರಲ್ಲಿ ‘ವಾರ್‌ಕ್ರಾಫ್ಟ್’, ಮರುವರ್ಷ ‘ಕಮಾಂಡ್ ಅಂಡ್ ಕಾಂಕರ್’, 1997ರಲ್ಲಿ ‘ಏಜ್ ಆಫ್ ಎಂಪೈರ್ಸ್’ ಮೊದಲ ಭಾಗ ಬಂದವು. ಇವುಗಳನ್ನು ಮಾಡಿದವರು ಮುಖ್ಯವಾಗಿ ಮನೆಯಲ್ಲಿ ಒಬ್ಬನೇ ಕೂತು ಆಡುವವನನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಆಟವನ್ನು ಅಖಾಡಕ್ಕೆ ಇಳಿಸಿದ್ದು ಕೊರಿಯಾ.

1997ರ ಕೊನೆಯಲ್ಲಿ ದಕ್ಷಿಣ ಕೊರಿಯಾದ ಆರ್ಥಿಕತೆ ಕುಸಿಯಿತು. ಕೆಲಸ ಕಳೆದುಕೊಂಡ ಎಷ್ಟೋ ಮಂದಿ ಕೈಯಲ್ಲಿದ್ದ ದುಡ್ಡು ಹಾಕಿ ‘ಪಿಸಿ ಬಾಂಗ್’ ಎಂಬ ಕಂಪ್ಯೂಟರ್ ಅಂಗಡಿ ತೆರೆದರು. ಸರ್ಕಾರ ವೇಗದ ಇಂಟರ್ನೆಟ್ ತಂತಿ ಹಾಕಿಸುತ್ತಿತ್ತು. ಅಷ್ಟರಲ್ಲಿ, 1998ರ ಮಾರ್ಚ್ 31ಕ್ಕೆ, ಬ್ಲಿಜಾರ್ಡ್ ಕಂಪನಿಯ ‘ಸ್ಟಾರ್‌ಕ್ರಾಫ್ಟ್’ ಬಿಡುಗಡೆಯಾಯಿತು. ಗಂಟೆಗೆ ಇಷ್ಟು ಎಂದು ಕೊಟ್ಟರೆ ಯಾರೂ ಬಂದು ಕೂರಬಹುದಿತ್ತು. ಓಣಿಯಲ್ಲಿ ಗೆದ್ದವನನ್ನು ಪಕ್ಕದ ಓಣಿಯವನು ಹುಡುಕಿಕೊಂಡು ಬರುತ್ತಿದ್ದ. 2000ದಲ್ಲಿ ಅಲ್ಲಿ ಇ-ಕ್ರೀಡಾ ಸಂಘ ಹುಟ್ಟಿತು, ದಿನವಿಡೀ ಆಟ ತೋರಿಸುವ ಟಿವಿ ವಾಹಿನಿಗಳು ಬಂದವು, ದೊಡ್ಡ ದೂರಸಂಪರ್ಕ ಕಂಪನಿಗಳು ತಂಡ ಕಟ್ಟಿದವು. ‘ಬಾಕ್ಸರ್’ ಎಂಬ ಹೆಸರಿನಲ್ಲಿ ಆಡುತ್ತಿದ್ದ ಲಿಮ್ ಯೋ ಹ್ವಾನ್ ಸಿನಿಮಾ ನಟನಷ್ಟು ಖ್ಯಾತನಾದ. 2004ರಲ್ಲಿ ಬುಸಾನಿನ ಗ್ವಾಂಗಳ್ಳಿ ಕಡಲ ದಂಡೆಯಲ್ಲಿ ನಡೆದ ಲೀಗ್ ಫೈನಲ್ ನೋಡಲು ಒಂದು ಲಕ್ಷ ಜನ ಸೇರಿದ್ದರೆಂದು ಸಂಘಟಕರು ಹೇಳಿಕೊಂಡರು. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇದ್ದರೂ ಇರಬಹುದು, ದಂಡೆ ತುಂಬಿದ್ದಂತೂ ನಿಜ.

ಆ ವ್ಯವಸ್ಥೆಯ ಒಳಗನ್ನೂ ನೋಡಬೇಕು. ತಂಡದ ಹುಡುಗರು ಒಂದೇ ಮನೆಯಲ್ಲಿ ಇರುತ್ತಿದ್ದರು, ದಿನಕ್ಕೆ ಹತ್ತು ಹನ್ನೆರಡು ಗಂಟೆ ಅಭ್ಯಾಸ ಮಾಡುತ್ತಿದ್ದರು. ಕೆಳಗಿನವನಿಗೆ ಮೇಲಿನವನು ಪಕ್ಕದ ಕುರ್ಚಿಯಲ್ಲೇ ಸಿಗುತ್ತಿದ್ದ, ಸೋತ ಆಟವನ್ನು ಆಗಲೇ ತಿರುವಿ ನೋಡಬಹುದಿತ್ತು. ‘ಫ್ಲ್ಯಾಶ್’ ಎಂದು ಹೆಸರಾದ, ಆ ಆಟದ ಸಾರ್ವಕಾಲಿಕ ಶ್ರೇಷ್ಠನೆಂದು ಬಹುಪಾಲು ಜನ ಒಪ್ಪುವ ಲೀ ಯಂಗ್ ಹೋ ಬೆಳೆದದ್ದು ಇಂಥ ಮನೆಯಲ್ಲೇ. 2011ರಲ್ಲಿ ಅವನ ತೋಳಿಗೆ ಶಸ್ತ್ರಚಿಕಿತ್ಸೆ ಆಗಬೇಕಾಯಿತು. ಆಗವನಿಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. 2010ರಲ್ಲಿ ಬಾಜಿದಾರರಿಂದ ದುಡ್ಡು ತಿಂದು ಪಂದ್ಯ ಸೋತ ಹಗರಣ ಬಯಲಿಗೆ ಬಂತು. ಮಾಜಿ ಚಾಂಪಿಯನ್ ಮಾ ಜೇ ಯೂನ್ ಸೇರಿ ಹಲವರನ್ನು ಆಜೀವ ಹೊರಹಾಕಿದರು. ದಶಕಕ್ಕೂ ಹೆಚ್ಚು ಕಾಲ ನಡೆದ ತಂಡಗಳ ಲೀಗ್ 2016ರಲ್ಲಿ ನಿಂತಿತು. ಕೊರಿಯಾವನ್ನು ಕೊಂಡಾಡುವವರು ಈ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ವಿಯೆಟ್ನಾಂ ಕಥೆ ನಮಗೆ ಇನ್ನೂ ಹತ್ತಿರದ್ದು, ಆದರೂ ಇಲ್ಲಿ ಯಾರೂ ಹೇಳುವುದಿಲ್ಲ. ಬಡ ದೇಶ, ಹಳೆಯ ಕಂಪ್ಯೂಟರುಗಳು, ಓಣಿಗೊಂದು ಇಂಟರ್ನೆಟ್ ಅಂಗಡಿ. ಜಗತ್ತು 1997ರ ‘ಏಜ್ ಆಫ್ ಎಂಪೈರ್ಸ್’ ಮೊದಲ ಭಾಗವನ್ನು ಮರೆತು ಮುಂದೆ ಹೋದಾಗ ವಿಯೆಟ್ನಾಮಿನ ಹುಡುಗರು ಅದನ್ನೇ ಹಿಡಿದು ಕೂತರು. ಇವತ್ತಿಗೂ ಅಲ್ಲಿ ಆ ಆಟಕ್ಕೆ ತಂಡಗಳಿವೆ, ಚೀನಾದೊಂದಿಗೆ ಪಂದ್ಯಗಳು ನಡೆಯುತ್ತವೆ, ತಮ್ಮದೇ ಭಾಷೆಯಲ್ಲಿ ವೀಕ್ಷಕ ವಿವರಣೆ ಇದೆ. ‘ಚಿಮ್ ಸೆ ದಿ ನಾಂಗ್’ ಎಂಬ ಅಡ್ಡಹೆಸರಿನ ನ್ಗುಯೆನ್ ದುಕ್ ಬಿನ್ ಅಲ್ಲಿ ಮನೆಮಾತು. ಅದೇ ನೆಲದಿಂದ ‘ಎಸಿಸಿಎಂ’ ಎಂಬಾತ ಎರಡನೆಯ ಭಾಗದಲ್ಲೂ ವಿಶ್ವದ ಮೇಲಿನ ಸಾಲಿಗೆ ಏರಿದ. ಕೊರಿಯಾದ ದೂರಸಂಪರ್ಕ ಕಂಪನಿಗಳಂಥ ಬೆನ್ನೆಲುಬು ಇಲ್ಲದೆಯೂ ಕೂತು ಆಡುವ ಅಂಗಡಿ, ತಾಯ್ನುಡಿಯ ವಿವರಣೆ ಇಷ್ಟರಿಂದಲೇ ಒಂದು ಪರಂಪರೆ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ.

ಮೂರನೆಯ ಘಟ್ಟದಲ್ಲಿ ಅಂಗಡಿಯೂ ಬೇಕಾಗಲಿಲ್ಲ. ‘ಏಜ್ ಆಫ್ ಎಂಪೈರ್ಸ್’ ಆಟಗಾರರು ಮೈಕ್ರೋಸಾಫ್ಟಿನ ಗೇಮಿಂಗ್ ಜೋನ್, ಆಮೇಲೆ ವೂಬ್ಲಿ ಎನ್ನುವ ವೇದಿಕೆಗಳಲ್ಲಿ ಸೇರುತ್ತಿದ್ದರು. 2019ರ ಆವೃತ್ತಿ ಎದುರಾಳಿಯನ್ನು ತಾನೇ ಹುಡುಕಿ ಕೊಡತೊಡಗಿತು. ಚದುರಂಗದಲ್ಲಿರುವಂತೆ ಇಲೋ ಅಂಕ. ಹೊಸಬ 1000ದಿಂದ ಶುರು ಮಾಡುತ್ತಾನೆ, ಗೆದ್ದಂತೆ ಮೇಲಿನವರು ಸಿಗುತ್ತಾರೆ, ತುದಿಯವರು 2500ರ ಆಚೆ. ‘ದಿ ವೈಪರ್’ ಎಂಬ ಹೆಸರಿನ ನಾರ್ವೆಯ ಓರ್ಯಾನ್ ಲಾರ್ಸನ್ ಸುಮಾರು ಒಂದು ದಶಕ ಈ ಆಟವನ್ನು ಆಳಿದ. ಅವನನ್ನು ಹಿಂದಿಕ್ಕಿದವನು ‘ಹೇರಾ’ ಎಂಬ ಹೆಸರಿನ ಕೆನಡಾದ ಹಮ್ಜಾ ಎಲ್ ಬಹೆರ್. ತಾನು ಕಲಿತದ್ದನ್ನು ವಿಡಿಯೋಗಳಲ್ಲಿ ಬಿಡಿಸಿ ಹೇಳುತ್ತಲೇ ಆತ ಮೇಲೇರಿದ.

‘ಸ್ಟಾರ್‌ಕ್ರಾಫ್ಟ್ 2’ರಲ್ಲಿ ಕೊರಿಯಾದ ಕೋಟೆ ಒಡೆದವನು ಫಿನ್ಲೆಂಡಿನ ಪೊರ್ನೈನೆನ್ ಎಂಬ ಸಣ್ಣ ಊರಿನ ಯೂನಾ ಸೊಟಾಲ, ಆಟದ ಹೆಸರು ‘ಸೆರಾಲ್’. 2018ರ ನವೆಂಬರಿನಲ್ಲಿ ಆ ಆಟದ ಜಾಗತಿಕ ಫೈನಲ್ ಗೆದ್ದ ಮೊದಲ ಕೊರಿಯೇತರ ಅವನು. ಅಭ್ಯಾಸ ಮನೆಯಲ್ಲೇ, ಅಣ್ಣನೂ ಆಟಗಾರ. ಶಾಲೆ ಮುಗಿಯುವವರೆಗೆ ಅವನು ಪೂರ್ಣಾವಧಿ ಆಟಗಾರನಾಗಲಿಲ್ಲ. ತಂದೆತಾಯಿಯರು ಇದನ್ನು ಗಮನಿಸಬೇಕು: ವಿಶ್ವದ ಶಿಖರ ಮುಟ್ಟಲು ಅವನು ಓದು ಬಿಡಬೇಕಾಗಲಿಲ್ಲ.

ಇನ್ನು, ಮೇಲಿನವನು ನಿಜವಾಗಿ ಏನು ಮಾಡುತ್ತಾನೆ? ಹೊರಗಿನವರು ಇದನ್ನು ಯುದ್ಧದ ಆಟ ಎಂದುಕೊಳ್ಳುತ್ತಾರೆ. ‘ಏಜ್ ಆಫ್ ಎಂಪೈರ್ಸ್’ ಎರಡನೆಯ ಭಾಗವನ್ನೇ ನೋಡಿ: ಮೊದಲ ಹತ್ತು ನಿಮಿಷ ಅದು ಪೂರ್ತಿ ಒಕ್ಕಲುತನದ ಲೆಕ್ಕ. ಒಬ್ಬ ಹಳ್ಳಿಗನನ್ನು ತಯಾರಿಸಲು 50 ಆಹಾರ, 25 ಸೆಕೆಂಡು. ಒಂದು ಕುರಿಯಲ್ಲಿ 100 ಆಹಾರ, ಕಾಡುಹಂದಿಯಲ್ಲಿ 340. ಎರಡನೆಯ ಯುಗಕ್ಕೆ ದಾಟಲು 500 ಆಹಾರ, ಮೂರನೆಯದಕ್ಕೆ 800 ಆಹಾರ ಮತ್ತು 200 ಚಿನ್ನ. ಹಳ್ಳಿಗರನ್ನು ತಯಾರಿಸುವ ಊರಕೇಂದ್ರ 25 ಸೆಕೆಂಡು ಸುಮ್ಮನಿದ್ದರೆ ಒಬ್ಬ ಹಳ್ಳಿಗ ಕಡಿಮೆ. ಆ ಒಬ್ಬ ತರಬೇಕಿದ್ದ ಕಟ್ಟಿಗೆ ಕಡಿಮೆ. ಆ ಕಟ್ಟಿಗೆಯಿಂದ ಆಗಬೇಕಿದ್ದ ಹೊಲ ತಡ. ತಾಂಡೂರು ಕಡೆಯ ತೊಗರಿ ರೈತನಿಗೆ ಇದನ್ನು ವಿವರಿಸಬೇಕಿಲ್ಲ. ಮೃಗಶಿರಾ ಮಳೆಗೆ ಬಿತ್ತಬೇಕಾದದ್ದನ್ನು ಹದಿನೈದು ದಿನ ಮುಂದಕ್ಕೆ ಹಾಕಿದರೆ ರಾಶಿಯ ಹೊತ್ತಿಗೆ ಏನಾಗುತ್ತದೆಂದು ಅವನಿಗೆ ಗೊತ್ತು. ಸಾಮಾನ್ಯ ಆಟಗಾರ ಸೋಲುವುದು ರಣರಂಗದಲ್ಲಿ ಎಂದು ತಿಳಿಯುತ್ತಾನೆ. ಅವನು ಸೋತಿರುವುದು ಆರನೆಯ ನಿಮಿಷದಲ್ಲಿ.

ಆದ್ದರಿಂದ ಏರುವ ದಾರಿಯೂ ನೀರಸವಾಗಿಯೇ ಶುರುವಾಗುತ್ತದೆ. ‘ಬಿಲ್ಡ್ ಆರ್ಡರ್’ ಎಂದು ಆಟಗಾರರು ಕರೆಯುವ ಆರಂಭದ ಕ್ರಮವನ್ನು, ಯಾವ ಹಳ್ಳಿಗ ಯಾವ ಕ್ಷಣ ಎಲ್ಲಿಗೆ ಎಂಬುದನ್ನು, ಬೆರಳಿಗೆ ಹತ್ತುವವರೆಗೆ ಒಂಟಿಯಾಗಿ ರೂಢಿಸಬೇಕು. ಮೌಸ್ ಮೇಲಿನ ಭಾರ ಇಳಿಸಿ ಕೀಬೋರ್ಡಿನ ಹಾಟ್‌ಕೀ ಕಲಿಯಬೇಕು. ಇದು ಕೈವಶವಾದ ಮೇಲಷ್ಟೇ ತಲೆಗೆ ಬಿಡುವು ಸಿಗುತ್ತದೆ, ಎದುರಾಳಿಯ ಊರನ್ನು ಇಣುಕಿ ನೋಡಿ ಅವನ ಮನಸ್ಸಿನಲ್ಲಿ ಏನಿದೆಯೆಂದು ಊಹಿಸಲು. ಅವನು ಕುದುರೆ ತಯಾರಿಸಿದರೆ ಭರ್ಜಿಯವರು, ಬಿಲ್ಲುಗಾರರನ್ನು ತಂದರೆ ಅವರನ್ನು ಹೊಡೆಯುವ ಸ್ಕರ್ಮಿಷರುಗಳು. ಈ ಕೋಷ್ಟಕ ಎಲ್ಲರಿಗೂ ಗೊತ್ತು. ಅರ್ಧ ನಿಮಿಷ ಮೊದಲೇ ಗ್ರಹಿಸುವುದು ಮಾತ್ರ ಕೆಲವರಿಗಷ್ಟೇ ಸಾಧ್ಯ. ಪ್ರತಿ ಪಂದ್ಯವೂ ದಾಖಲಾಗುತ್ತದೆ, ಎದುರಾಳಿಯ ಕಣ್ಣಿನಿಂದಲೂ ಅದನ್ನು ಮತ್ತೆ ನೋಡಬಹುದು. ಸೋತ ಆಟವನ್ನು ಕೂತು ನೋಡುವವನು ಏರುತ್ತಾನೆ. ಕೋಪದಲ್ಲಿ ಮುಂದಿನ ಪಂದ್ಯಕ್ಕೆ ಹಾರುವವನು ವರ್ಷಗಟ್ಟಲೆ ಅದೇ ಅಂಕದಲ್ಲಿ ಇರುತ್ತಾನೆ. ‘ಹಿಡನ್ ಕಪ್’ ಎಂಬ ಪ್ರಖ್ಯಾತ ಸ್ಪರ್ಧೆಯಲ್ಲಿ ಆಟಗಾರರ ಹೆಸರು ಮುಚ್ಚಿಟ್ಟು ಚರಿತ್ರೆಯ ವೀರರ ಹೆಸರಿನಲ್ಲಿ ಆಡಿಸುತ್ತಾರೆ. ಆಡುವ ಬಗೆಯಿಂದಲೇ ಇವನು ಇಂಥವನೆಂದು ಬಲ್ಲವರು ಗುರುತಿಸುತ್ತಾರೆ. ಸಂಗೀತದಲ್ಲಿ ಘರಾಣೆ ಇದ್ದಂತೆ ಇಲ್ಲೂ ಶೈಲಿ ಇದೆ, ಅದನ್ನು ನಾನು ಕಲೆ ಎಂದೇ ಕರೆಯುತ್ತೇನೆ.

ಯಂತ್ರವೂ ಈ ಅಖಾಡಕ್ಕೆ ಇಳಿಯಿತು. 2018ರ ಡಿಸೆಂಬರಿನಲ್ಲಿ ಡೀಪ್‌ಮೈಂಡ್ ಕಂಪನಿಯ ‘ಆಲ್ಫಾಸ್ಟಾರ್’ ಇಬ್ಬರು ವೃತ್ತಿಪರ ಸ್ಟಾರ್‌ಕ್ರಾಫ್ಟ್ ಆಟಗಾರರನ್ನು 5-0, 5-0ಯಿಂದ ಸೋಲಿಸಿತು. ಅವರಲ್ಲಿ ಪೋಲೆಂಡಿನ ‘ಮಾನಾ’ ಆಮೇಲೆ ನೇರಪ್ರಸಾರದ ಪಂದ್ಯವೊಂದನ್ನು ಗೆದ್ದ. ಆದರೆ ಚದುರಂಗದಲ್ಲಿ ಆದಂತೆ ಯಂತ್ರವೇ ಗುರುವಾಗುವ ಸ್ಥಿತಿ ಇಲ್ಲಿ ಬಂದಿಲ್ಲ. ಇಲ್ಲಿನ ಗುರು ಈಗಲೂ ಮನುಷ್ಯನೇ.

ಭಾರತ ಈ ಭೂಪಟದಲ್ಲಿ ತಡವಾಗಿ, ಪಕ್ಕದ ದಾರಿಯಿಂದ ಕಾಣಿಸಿಕೊಂಡಿತು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಕ್ರೀಡೆ ಪ್ರದರ್ಶನಕ್ಕಷ್ಟೇ ಇತ್ತು. ಅಲ್ಲಿ ಭುಜ್‌ನ ತೀರ್ಥ್ ಮೆಹ್ತಾ ‘ಹಾರ್ತ್‌ಸ್ಟೋನ್’ ಎಂಬ ತಂತ್ರದ ಇಸ್ಪೀಟಿನಂಥ ಆಟದಲ್ಲಿ ಕಂಚು ಗೆದ್ದರು. 2022ರಲ್ಲಿ ಬರ್ಮಿಂಗ್‌ಹ್ಯಾಮಿನ ಕಾಮನ್‌ವೆಲ್ತ್ ಇ-ಕ್ರೀಡಾ ಚಾಂಪಿಯನ್‌ಷಿಪ್‌ನಲ್ಲಿ ಮೊಯಿನ್ ಎಜಾಜ್ ನಾಯಕತ್ವದ ‘ಡೋಟಾ 2’ ತಂಡಕ್ಕೆ ಕಂಚು ಬಂತು. ‘ಡೋಟಾ’ ಹುಟ್ಟಿದ್ದೇ ‘ವಾರ್‌ಕ್ರಾಫ್ಟ್ 3’ರ ಒಂದು ಪಟದಿಂದ, ಹಾಗಾಗಿ ಅದು ಈ ಮನೆತನದ್ದೇ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ, 2023ರಲ್ಲಿ, ‘ಲೀಗ್ ಆಫ್ ಲೆಜೆಂಡ್ಸ್’ ಆಡಿದ ಅಕ್ಷಜ್ ಶೆಣೈ ನಾಯಕತ್ವದ ನಮ್ಮ ತಂಡ ಕ್ವಾರ್ಟರ್ ಫೈನಲ್‌ನಲ್ಲಿ ಸೋತದ್ದು ಯಾರ ಕೈಯಲ್ಲಿ? ವಿಯೆಟ್ನಾಮಿನ ಕೈಯಲ್ಲಿ.

ಈಗ ನಮ್ಮ ಗಡಿಗೆ ಬರೋಣ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ್ ಜಿಲ್ಲೆಯ ನಾರಾಯಣಖೇಡ್ ತಾಲೂಕು, ನಿರ್ಣಾ ವೃತ್ತವೊಂದನ್ನು ಬಿಟ್ಟು ಜಹೀರಾಬಾದ್ ತಾಲೂಕು, ಗುಲ್ಬರ್ಗಾದ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳು ಆಂಧ್ರಕ್ಕೆ ಹೋದವು, ಈಗ ತೆಲಂಗಾಣದಲ್ಲಿವೆ. ಇಲ್ಲಿನ ಎಷ್ಟೋ ಮನೆಗಳ ಹುಡುಗ ಒಳಗೆ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ದಖನಿ ಆಡುತ್ತಾನೆ. ಆಟದ ವಿದ್ಯೆ ಮಾತ್ರ ಅವನಿಗೆ ಸಿಗುವುದು ಇಂಗ್ಲಿಷಿನಲ್ಲಿ. ಇಂಥ ಊರುಗಳಿಗೆ ಅಗ್ಗದ ಇಂಟರ್ನೆಟ್ 2016ರ ನಂತರ ಮೊಬೈಲಿನೊಂದಿಗೇ ಬಂತು. ಕೀಬೋರ್ಡು ಮೌಸಿನ ಘಟ್ಟವನ್ನೇ ಹಾರಿ ಒಂದು ತಲೆಮಾರು ನೇರ ಟಚ್‌ಸ್ಕ್ರೀನಿಗೆ ಇಳಿಯಿತು. ಪಬ್‌ಜಿ ಮನೆಮನೆಗೆ ತಲುಪಿತು, 2020ರ ಸೆಪ್ಟೆಂಬರಿನಲ್ಲಿ ನಿಷೇಧವಾಯಿತು, ಮರುವರ್ಷ ಬೇರೆ ಹೆಸರಿನಲ್ಲಿ ಮರಳಿತು. ರಣತಂತ್ರದ ಆಟಕ್ಕೆ ಬೇಕಾದ ಮೇಜು, ಕುರ್ಚಿ, ಪಕ್ಕದಲ್ಲಿ ಕೂರುವ ಗೆಳೆಯ ಮಾತ್ರ ಬರಲಿಲ್ಲ. ಕೊರಿಯಾದಲ್ಲಿ ಪಿಸಿ ಬಾಂಗ್ ಮಾಡಿದ ಕೆಲಸವನ್ನು ನಮ್ಮ ಇಂಟರ್ನೆಟ್ ಅಂಗಡಿ ಮಾಡಬಹುದಿತ್ತು. ಅದು ಹಾಲ್‌ಟಿಕೆಟ್, ಜೆರಾಕ್ಸ್, ಪ್ರಮಾಣಪತ್ರಗಳ ಅಂಗಡಿಯಾಗಿ ಉಳಿಯಿತು. ಬುದ್ಧಿಯ ಕೊರತೆ ಇಲ್ಲಿಲ್ಲ. ಕಟ್ಟೆಯ ಮೇಲೆ ಹುಲಿ-ಕುರಿ ಆಟದ ಮನೆ ಕೊರೆದುಕೊಂಡು ಆಡಿದ ನಾಡು ಇದು.

ಕಾನೂನಿನ ಗೊಂದಲವೂ ದಾರಿಗೆ ಅಡ್ಡ ಇತ್ತು. ತೆಲಂಗಾಣ 2017ರಲ್ಲೇ ತನ್ನ ಜೂಜು ಕಾಯ್ದೆಗೆ ತಿದ್ದುಪಡಿ ತಂದು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ರಮ್ಮಿಯಲ್ಲಿ ಮನೆ ಕಳೆದುಕೊಂಡವರ ಕಥೆ ಕೇಳಿದವರು ಕಂಪ್ಯೂಟರ್ ಆಟವೆಂದರೇ ಜೂಜು ಎಂದು ಹೆದರಿದ್ದು ಸಹಜ. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಇ-ಕ್ರೀಡೆಯನ್ನು ಬಹುಕ್ರೀಡಾ ಕೂಟಗಳ ಭಾಗವಾಗಿ ಕ್ರೀಡಾ ಸಚಿವಾಲಯದ ಕೈಗೆ ಕೊಟ್ಟಿತು; 2025ರ ಆಗಸ್ಟಿನ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಯನ್ನು ಬೇರೆಯಾಗಿ ಗುರುತಿಸಿತು. ಈ ಗೆರೆ ಬಹಳ ದೊಡ್ಡದು. ಇನ್ನು ಮೇಲೆ ಶಾಲೆಯ ಮುಖ್ಯೋಪಾಧ್ಯಾಯರೊಬ್ಬರು ಇಂಥ ಆಟಕ್ಕೆ ಅನುಮತಿ ಕೊಡಲು ಹೆದರಬೇಕಿಲ್ಲ.

ಜೀವನೋಪಾಯದ ವಿಷಯದಲ್ಲಿ ಯಾರಿಗೂ ಸುಳ್ಳು ಆಸೆ ಹುಟ್ಟಿಸಬಾರದು. ಇಂಥ ಹಳೆಯ ಆಟಗಳಲ್ಲಿ ಬಹುಮಾನದ ಹಣದಿಂದಲೇ ಬದುಕುವವರು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಉಳಿದವರು ಪ್ರಸಾರ, ತರಬೇತಿ, ಬೇರೆ ಉದ್ಯೋಗವನ್ನು ನೆಚ್ಚಿದ್ದಾರೆ. ಆದರೆ ಜಿಲ್ಲಾ ಮಟ್ಟದ ಕಬಡ್ಡಿ ಆಟಗಾರನನ್ನು ನಾವು ಸಂಬಳ ಕೇಳಿ ಅಳೆಯುವುದಿಲ್ಲ. ಲೆಕ್ಕ, ತಾಳ್ಮೆ, ಸೋಲನ್ನು ಕೂತು ನೋಡುವ ಅಭ್ಯಾಸ ಬೆಳೆಸುವ ಆಟಕ್ಕೂ ಅಷ್ಟೇ ಗೌರವ ಸಲ್ಲಬೇಕು.

ನಾರಾಯಣಖೇಡ್, ಜಹೀರಾಬಾದ್, ತಾಂಡೂರಿನ ಕಾಲೇಜುಗಳ ಕಂಪ್ಯೂಟರ್ ಲ್ಯಾಬುಗಳು ಸಂಜೆ ಐದಕ್ಕೆ ಬೀಗ ಹಾಕಿಸಿಕೊಳ್ಳದಿರಲಿ. ವಾರಕ್ಕೆ ಎರಡು ಸಂಜೆ, ಒಬ್ಬ ಮೇಷ್ಟ್ರ ಕಣ್ಗಾವಲಿನಲ್ಲಿ, ಎರಡು ಗಂಟೆ ಹುಡುಗ ಹುಡುಗಿಯರು ಎದುರುಬದುರು ಕೂತು ಆಡಲಿ. ಗಡಿಭಾಗದ ಕನ್ನಡ ಸಂಘಗಳು ರಾಜ್ಯೋತ್ಸವದ ರಂಗೋಲಿ, ಭಾಷಣ ಸ್ಪರ್ಧೆಗಳ ಜೊತೆ ಇದಕ್ಕೂ ಒಂದು ಪಂದ್ಯ ಇಡಲಿ, ಅದರ ವೀಕ್ಷಕ ವಿವರಣೆ ಕನ್ನಡದಲ್ಲಿ, ಬೇಕಿದ್ದರೆ ತೆಲುಗಿನಲ್ಲೂ ಆಗಲಿ. ಬೆಂಗಳೂರು, ಹೈದರಾಬಾದಿನಲ್ಲಿರುವ, ಈ ಆಟ ಬಲ್ಲ ಕನ್ನಡಿಗರು ತಮಗೆ ಗೊತ್ತಿರುವ ಒಂದೊಂದು ಆರಂಭದ ಕ್ರಮವನ್ನು ಕನ್ನಡದಲ್ಲಿ ವಿವರಿಸಿ ವಿಡಿಯೋ ಮಾಡಿ ಹಾಕಲಿ.