ಬೀದರ ಸೀಮೆಯ ಕಂಬಳಿ ಮತ್ತು ನಮದ: ಒಂದು ಐತಿಹಾಸಿಕ ವಿವೇಚನೆ

ಉಣ್ಣೆಯಿಂದ ಬಟ್ಟೆಯನ್ನು ಪಡೆಯುವ ಮಾರ್ಗಗಳು ಮುಖ್ಯವಾಗಿ ಎರಡು. ಒಂದು, ಉಣ್ಣೆಯನ್ನು ನೂಲಾಗಿ ಹೊಸೆದು, ಆ ನೂಲನ್ನು ಹಾಸು ಹೊಕ್ಕುಗಳಾಗಿ ಮಗ್ಗದಲ್ಲಿ ನೇಯುವುದು. ನಮ್ಮ ನಾಡಿನ ಕಂಬಳಿ ಈ ಮಾರ್ಗದ ಫಲ. ಇನ್ನೊಂದು, ನೂಲುವುದನ್ನೂ ನೇಯುವುದನ್ನೂ ಬಿಟ್ಟು, ಹಿಂಜಿದ ಉಣ್ಣೆಯನ್ನು ಪದರಪದರವಾಗಿ ಹರಡಿ, ತೇವ ಮತ್ತು ಶಾಖಗಳೊಡನೆ ಉಜ್ಜಿ, ತುಳಿದು, ಒಂದೇ ಹಾಳೆಯಾಗಿ ಬೆಸೆಯುವುದು. ಪಾರಸಿಯಲ್ಲಿ ನಮದ್ ಎಂದೂ, ಉತ್ತರ ಹಿಂದೂಸ್ಥಾನದಲ್ಲಿ ನಮದಾ ಎಂದೂ, ಇಂದಿನ ಮಾರುಕಟ್ಟೆಯಲ್ಲಿ ಫೆಲ್ಟ್ ಎಂದೂ ಕರೆಯಿಸಿಕೊಳ್ಳುವ ವಸ್ತು ಇದೇ. ಇವೆರಡರಲ್ಲಿ ದಖನಿನ ಕುರಿಗಾಹಿಗಳು ಮೊದಲನೆಯದನ್ನು ತಮ್ಮ ಬಾಳಿನ ಅಂಗವಾಗಿ ಮಾಡಿಕೊಂಡರು. ಎರಡನೆಯದು ಇಲ್ಲಿ ಅಂಚಿನ ಕಸುಬಾಗಿಯೇ ಉಳಿಯಿತು. ಹೀಗೇಕಾಯಿತೆಂಬುದು ಪ್ರಕೃತ ಲೇಖನದ ಪ್ರಶ್ನೆ.

ಈ ಪ್ರಶ್ನೆಯನ್ನು ಕೇಳಲು ಬೀದರ ಜಿಲ್ಲೆಗಿಂತ ತಕ್ಕ ಸ್ಥಳ ದೊರೆಯುವುದು ಕಷ್ಟ. ಹುಮನಾಬಾದ ತಾಲ್ಲೂಕಿನ ಘಾಟಬೋರಾಳದ ಸುತ್ತಲಿನ ಪ್ರದೇಶವನ್ನು ತೆಗೆದುಕೊಳ್ಳೋಣ. ಒಂದು ಕಡೆ ಕಲ್ಯಾಣ ಚಾಲುಕ್ಯರ ರಾಜಧಾನಿಯೂ ಶರಣರ ಕರ್ಮಭೂಮಿಯೂ ಆದ ಬಸವಕಲ್ಯಾಣ, ಇನ್ನೊಂದು ಕಡೆ ಬಹಮನಿ ಸುಲ್ತಾನರ ಬೀದರ, ಭಾಲ್ಕಿ ತಾಲ್ಲೂಕಿನ ಖಾನಾಪುರದಲ್ಲಿ ಕುರಿಗಾಹಿಗಳ ಆರಾಧ್ಯನಾದ ಮೈಲಾರ ಮಲ್ಲಣ್ಣ, ನೆರೆಯಲ್ಲಿ ಆಳಂದ. ಕನ್ನಡ, ಮರಾಠಿ, ತೆಲುಗು, ಉರ್ದು ಭಾಷೆಗಳು ಇಲ್ಲಿ ಸಂಧಿಸುತ್ತವೆ. ಕುರುಬರ ಮತ್ತು ಧನಗರರ ಕುರಿಹಿಂಡುಗಳು ಭಾಷೆಯ ಗಡಿಗಳನ್ನು ಲೆಕ್ಕಿಸದೆ ಈ ಬಯಲುಗಳಲ್ಲಿ ಮೇಯುತ್ತ ಬಂದಿವೆ. ಉಣ್ಣೆಯೂ ಇಲ್ಲಿತ್ತು, ಉಣ್ಣೆಯನ್ನು ತುಳಿದು ಹಾಸು ಮಾಡುವ ದೇಶಗಳಿಂದ ಬಂದ ಜನರೂ ಇಲ್ಲಿದ್ದರು. ಆದರೂ ಈ ಸೀಮೆ ನಮದದ ಸೀಮೆಯಾಗಲಿಲ್ಲ.

ಮೊದಲು ನಮದದ ಸ್ವರೂಪವನ್ನು ತಿಳಿಯುವುದು ಅವಶ್ಯಕ. ಉಣ್ಣೆಯ ಎಳೆ ಬರಿಗಣ್ಣಿಗೆ ನಯವಾಗಿ ಕಂಡರೂ, ಅದರ ಮೈಮೇಲೆ ಹಂಚು ಹೊದಿಸಿದಂತೆ ಒಂದರ ಮೇಲೊಂದು ಸೇರಿದ ಸೂಕ್ಷ್ಮ ಪೊರೆಗಳಿವೆ. ಇವುಗಳ ತುದಿಗಳೆಲ್ಲ ಬುಡದಿಂದ ಕೊನೆಯ ಕಡೆಗೆ ಮುಖ ಮಾಡಿರುತ್ತವೆ. ಆದುದರಿಂದ ಎಳೆಯನ್ನು ಒಂದು ದಿಕ್ಕಿನಲ್ಲಿ ಸರಿಸುವುದು ಸುಲಭ, ಎದುರು ದಿಕ್ಕಿನಲ್ಲಿ ಸರಿಸುವುದು ಕಷ್ಟ. ಬಿಸಿನೀರು ಮತ್ತು ಸಾಬೂನು ಸೇರಿದಾಗ ಎಳೆಗಳು ಮೆದುವಾಗಿ ಜಾರುತ್ತವೆ. ಉಜ್ಜಿದಷ್ಟೂ ಪ್ರತಿಯೊಂದು ಎಳೆಯೂ ತನ್ನ ಬುಡದ ದಿಕ್ಕಿಗೆ ಸ್ವಲ್ಪಸ್ವಲ್ಪವೇ ಮುನ್ನುಗ್ಗುತ್ತದೆ, ಹಿಂದಕ್ಕೆ ಮರಳಲಾರದು. ಸಾವಿರಾರು ಎಳೆಗಳು ಹೀಗೆ ಒಂದರೊಳಗೊಂದು ತೊಡಕಿಕೊಂಡು ಬಿಗಿಯುತ್ತವೆ. ಇಲ್ಲಿ ಗಂಟೂ ಇಲ್ಲ, ಅಂಟೂ ಇಲ್ಲ, ಘರ್ಷಣೆಯೇ ಬೆಸುಗೆ. ಹತ್ತಿಯ ಎಳೆಗೆ ಇಂತಹ ಪೊರೆಗಳಿಲ್ಲದಿರುವುದರಿಂದ ಹತ್ತಿಯನ್ನು ಎಷ್ಟು ತುಳಿದರೂ ಅದು ನಮದವಾಗದು.

ಮಾಡುವ ಕ್ರಮವೂ ಈ ತತ್ತ್ವವನ್ನೇ ಅನುಸರಿಸುತ್ತದೆ. ಕತ್ತರಿಸಿದ ಉಣ್ಣೆಯಿಂದ ಮುಳ್ಳು, ಕಸ, ಮಣ್ಣುಗಳನ್ನು ತೆಗೆದು, ಬಿಲ್ಲಿನ ಹೆದೆಯಿಂದ ಮಿಡಿದು ಹಿಂಜಬೇಕು. ಚಾಪೆಯ ಮೇಲೆ ಒಂದು ಪದರ ಉದ್ದಕ್ಕೆ, ಅದರ ಮೇಲಿನದು ಅಡ್ಡಕ್ಕೆ, ಹೀಗೆ ಸಮನಾಗಿ ಹರಡಬೇಕು. ಅಂಚುಗಳಲ್ಲಿ ತೆಳುವಾದರೆ ಅಲ್ಲಿಯೇ ಹರಿಯುತ್ತದೆ. ಅನಂತರ ಬಿಸಿಯಾದ ಸಾಬೂನುನೀರನ್ನು ಚಿಮುಕಿಸಿ, ಅಂಗೈಯಿಂದ ಒತ್ತಿ ಒಳಗಿನ ಗಾಳಿಯನ್ನು ಹೊರಡಿಸಿ, ಚಾಪೆಯೊಡನೆ ಸುರುಳಿ ಸುತ್ತಿ ಕಟ್ಟಬೇಕು. ಆ ಸುರುಳಿಯನ್ನು ಮೊಣಕೈಗಳಿಂದಲೋ ಕಾಲುಗಳಿಂದಲೋ ಹಿಂದೆ ಮುಂದೆ ಉರುಳಿಸಿ ತುಳಿಯಬೇಕು. ಆಗಾಗ ಬಿಚ್ಚಿ ದಿಕ್ಕನ್ನು ಬದಲಿಸದಿದ್ದರೆ ಹಾಳೆ ಒಂದೇ ಕಡೆಗೆ ಕುಗ್ಗಿ ಸೊಟ್ಟಗಾಗುತ್ತದೆ. ಎರಡು ಬೆರಳುಗಳಿಂದ ಹಿಡಿದೆತ್ತಿದಾಗ ಎಳೆಗಳು ಬಿಡಿಯಾಗಿ ಬಾರದೆ ಇಡಿಯ ಹಾಳೆಯೇ ಮೇಲೇಳುವಂತಾದರೆ ಬೆಸುಗೆ ಕೂಡಿಬಂದಿತೆಂದು ತಿಳಿಯಬೇಕು. ಕೊನೆಗೆ ತಣ್ಣೀರಿನಲ್ಲಿ ತೊಳೆದು ಒಣಗಿಸುತ್ತಾರೆ. ಹೀಗೆ ಆದ ಹಾಳೆಯನ್ನು ಎಲ್ಲಿ ಕತ್ತರಿಸಿದರೂ ಅಂಚು ಬಿಚ್ಚಿಕೊಳ್ಳುವುದಿಲ್ಲ. ಟೋಪಿ, ಪಾದರಕ್ಷೆಯ ಒಳಪದರ, ಜೀನಿನ ಅಡಿಯ ಮೆತ್ತೆ ಮುಂತಾದವುಗಳಿಗೆ ನಮದ ಒದಗುವುದಕ್ಕೆ ಈ ಗುಣವೇ ಕಾರಣ.

ಈ ವಿದ್ಯೆ ಅತ್ಯಂತ ಪ್ರಾಚೀನವಾದುದು. ಅಲ್ತಾಯ್ ಪರ್ವತಪ್ರದೇಶದ ಪಜಿರಿಕ್ ಎಂಬಲ್ಲಿ ರುಡೆಂಕೋ 1947-49ರಲ್ಲಿ ಅಗೆದ ಸಮಾಧಿಗಳಲ್ಲಿ, ಕ್ರಿಸ್ತಪೂರ್ವ ಕಾಲದ ಬಣ್ಣಬಣ್ಣದ ನಮದಗಳು ಹಿಮದಲ್ಲಿ ಹೆಪ್ಪುಗಟ್ಟಿ ಉಳಿದು ದೊರೆತವು. ದಖನಿನ ಬಿಸಿಲು, ಮಳೆ, ಕೀಟಗಳಲ್ಲಿ ಉಣ್ಣೆ ಅಷ್ಟು ಕಾಲ ನಿಲ್ಲದು. ನವಶಿಲಾಯುಗದ ನೆಲೆಗಳಲ್ಲಿ ಕುರಿಯ ಮೂಳೆಗಳು ದೊರೆಯುತ್ತವೆ. ಅದರ ಉಣ್ಣೆ ದೊರೆಯುವುದಿಲ್ಲ. ಆದಕಾರಣ ಇಲ್ಲಿನ ಉಣ್ಣೆಯ ಚರಿತ್ರೆಯನ್ನು ಗ್ರಂಥ, ಭಾಷೆ, ಆಚಾರ ಮತ್ತು ಕಸುಬಿನ ಕ್ರಮಗಳಿಂದಲೇ ಊಹಿಸಬೇಕಾಗುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರ ಕುರಿಯ ಉಣ್ಣೆಯ ವಸ್ತ್ರಗಳನ್ನು ಎಣಿಸುವಾಗ ಕಂಬಲದೊಡನೆ ತುರಗಾಸ್ತರಣವನ್ನೂ, ಎಂದರೆ ಕುದುರೆಯ ಹೊದಿಕೆಯನ್ನೂ, ಹೆಸರಿಸುತ್ತದೆ. ಉಣ್ಣೆಗೂ ಕುದುರೆಗೂ ಇರುವ ಈ ನಂಟು ಮುಂದಿನ ವಿಚಾರಕ್ಕೆ ಮುಖ್ಯವಾದುದು.

ಹದಿನೈದನೆಯ ಶತಮಾನದಲ್ಲಿ ಅಹಮದ್ ಶಹನು ಬಹಮನಿ ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಕ್ಕೆ ಸಾಗಿಸಿದನು. ಅಂದಿನಿಂದ ಪಾರಸಿಕರು, ತುರ್ಕರು, ಅರಬರು ಇಲ್ಲಿ ಹೆಚ್ಚಿನ ಸಂಖ್ಯೆಯಲ್ಲಿ ನೆಲೆಸಿದರು. 1472ರಲ್ಲಿ ಮದರಸವನ್ನು ಕಟ್ಟಿಸಿದ ಮಹಮೂದ್ ಗವಾನನೇ ಇರಾನಿನ ಗೀಲಾನಿನವನು. ಅದೇ ಕಾಲದಲ್ಲಿ ರಷ್ಯದ ವರ್ತಕ ಅಫನಾಸಿ ನಿಕಿತಿನ್ ಒಂದು ಕುದುರೆಯನ್ನು ಮಾರಲೆಂದು ತಂದು ಬೀದರಕ್ಕೆ ಬಂದನು. ಆಳಂದದ ಜಾತ್ರೆಯಲ್ಲಿ ಸಾವಿರಾರು ಕುದುರೆಗಳು ಮಾರಾಟಕ್ಕೆ ಬರುತ್ತಿದ್ದುವೆಂದು ಅವನು ಬರೆದಿದ್ದಾನೆ. ಕುದುರೆಯಿದ್ದಲ್ಲಿ ಜೀನು, ಜೀನಿದ್ದಲ್ಲಿ ಅದರ ಅಡಿಯ ಮೆತ್ತೆ ಅನಿವಾರ್ಯ. ಆದುದರಿಂದ ನಮದದ ಪರಿಚಯ ಈ ಸೀಮೆಗೆ ಆಗಿದ್ದಿರಬೇಕೆಂದು ಊಹಿಸುವುದರಲ್ಲಿ ತಪ್ಪಿಲ್ಲ. ಮುಂದೆ ಅಕ್ಬರನ ಕಾಲದ ಐನ್-ಇ-ಅಕ್ಬರಿಯಲ್ಲಿ ಕಾಬೂಲ್ ಮತ್ತು ಪಾರಸದಿಂದ ಬಂದ ನಮದಗಳೊಡನೆ ದೇಶೀಯ ನಮದಗಳೂ ಉಲ್ಲೇಖಗೊಂಡಿವೆ.

ಇಲ್ಲಿ ಭಾಷೆಯ ಸಾಕ್ಷ್ಯವನ್ನು ಗಮನಿಸಬೇಕು. ಪಾರಸಿಯ ‘ಜೀನ್’ ಕನ್ನಡದಲ್ಲಿ ‘ಜೀನು’ ಆಗಿ ಬೇರೂರಿತು. ಹತ್ತಿ ಹಿಂಜುವವನನ್ನು ಹೇಳುವ ಅರಬ್ಬಿಯ ‘ನದ್ದಾಫ್’ ಶಬ್ದ ನದಾಫ ಎಂಬ ಮನೆತನದ ಹೆಸರಾಗಿ ಉತ್ತರ ಕರ್ನಾಟಕದಲ್ಲಿ ಮನೆಮಾತಾಗಿದೆ. ಪಿಂಜಾರರೆಂದು ಕರೆಯಿಸಿಕೊಳ್ಳುವವರೂ ಇವರೇ. ಆದರೆ ನಮದ ಮಾಡುವವನೆಂಬ ಅರ್ಥದ ‘ನಮದ್‌ಮಾಲ್’ ಎಂಬುದು ಹೀಗೆ ಕುಲನಾಮವಾಗಿ ಇಲ್ಲಿ ನೆಲೆಯೂರಿದಂತೆ ಕಾಣುವುದಿಲ್ಲ. ನೆರೆಯ ಮರಾಠಿಯಲ್ಲಿ ತುಳಿದು ಮಾಡಿದ ಉಣ್ಣೆಯ ಹಾಸುಗಳಿಗೆ ಜೇನ್, ಬುರಣೂಸ್ ಎಂಬ ಹೆಸರುಗಳಿವೆ. ಕಸುಬು ಪೂರ್ಣವಾಗಿ ಇಲ್ಲದಿರಲಿಲ್ಲ. ಆದರೆ ಮರಾಠಿಯ ಘೊಂಗಡಿಗೂ ಕನ್ನಡದ ಕಂಬಳಿಗೂ ದೊರೆತ ಸ್ಥಾನ ಅದಕ್ಕೆ ದೊರೆಯಲಿಲ್ಲ.

ಕಾರಣಗಳನ್ನು ವಿಚಾರಿಸಿದರೆ ಮೊದಲನೆಯದು ಕುರಿಯಲ್ಲಿಯೇ ಇದೆ. ದಖನಿ ತಳಿಯ ಕುರಿ ಬಹುಮಟ್ಟಿಗೆ ಕಪ್ಪು. ಅದರ ಉಣ್ಣೆ ಒರಟು, ಕೂದಲು ಬೆರೆತದ್ದು. ಮೆರಿನೋ ಉಣ್ಣೆಯ ಎಳೆ ಸುಮಾರು 20 ಮೈಕ್ರಾನ್ ದಪ್ಪವಿದ್ದರೆ ದಖನಿಯದು ಅದರ ಎರಡು ಪಟ್ಟಿಗೂ ಮಿಕ್ಕಿದ್ದು. ಅನೇಕ ಎಳೆಗಳ ನಡುವೆ ಟೊಳ್ಳಾದ ತಿರುಳಿರುತ್ತದೆ. ಇಂತಹ ಬಿರುಸಾದ ಎಳೆಗಳು ಬೇಗ ಬಾಗವು, ಬೇಗ ತೊಡಕಿಕೊಳ್ಳವು; ತುಳಿದು ಬೆಸೆಯಲು ಹೆಚ್ಚು ಶ್ರಮ ಬೇಕು, ಬೆಸೆದ ಮೇಲೂ ಕೂದಲು ಉದುರುತ್ತದೆ. ಕಂಬಳಿಯ ಮೇಲೆ ಉಣ್ಣಲು ಕುಳಿತು ಕೂದಲು ಹುಡುಕಿದಂತೆ ಎಂಬ ಗಾದೆಯ ಹಿಂದೆ ಇರುವುದು ಈ ಉಣ್ಣೆಯ ಸ್ವಭಾವವೇ. ನೇಯ್ಗೆಯಾದರೋ ಈ ದೋಷವನ್ನು ಗುಣವಾಗಿ ಮಾರ್ಪಡಿಸಿತು. ಹೆಂಗಸರು ನೂತ ಬಿಗಿಯಾದ ನೂಲನ್ನು ಹಾಸಾಗಿ ಹೂಡಿ, ಹುಣಸೆಬೀಜದ ಗಂಜಿಯನ್ನು ಕುಂಚದಿಂದ ಸವರುತ್ತಾರೆ. ಎದ್ದು ನಿಂತ ಕೂದಲುಗಳು ಇದರಿಂದ ನೂಲಿಗೆ ಅಂಟಿ, ಹಾಸು ಮಗ್ಗದ ಎಳೆತವನ್ನು ತಡೆಯುವಷ್ಟು ಗಟ್ಟಿಯಾಗುತ್ತದೆ. ತುಳಿತದಿಂದ ಪಡೆಯಬೇಕಾದ ದಾರ್ಢ್ಯವನ್ನು ಕುರುಬರು ಹುಣಸೆಬೀಜದಿಂದ ಪಡೆದರೆಂದು ಹೇಳಬಹುದು.

ಎರಡನೆಯ ಕಾರಣ ಜೀವನಕ್ರಮಕ್ಕೆ ಸಂಬಂಧಿಸಿದ್ದು. ಮಧ್ಯ ಏಷ್ಯದ ಅಲೆಮಾರಿಗೆ ನಮದ ಮನೆಯ ಗೋಡೆ. ಅದನ್ನು ಹೊರಲು ಒಂಟೆ ಕುದುರೆಗಳಿದ್ದುವು, ಅದು ತಡೆಯಬೇಕಾದದ್ದು ಹಿಮಗಾಳಿಯನ್ನು. ದಖನಿನ ಕುರಿಗಾಹಿ ಕಾಲ್ನಡಿಗೆಯವನು. ಅವನಿಗೆ ಬೇಕಾದುದು ಹೆಗಲ ಮೇಲೆ ಮಡಿಸಿ ಹಾಕಬಹುದಾದ ಬಟ್ಟೆ. ಮಳೆಯಲ್ಲಿ ಕೊಪ್ಪೆ, ರಾತ್ರಿ ಹಾಸಿಗೆ, ಹಗಲು ನೆರಳು, ಕಾಳು ತುಂಬಲು ಜೋಳಿಗೆ, ಎಳೆಮರಿಯನ್ನು ಹೊರಲು ತೊಟ್ಟಿಲು, ಇಷ್ಟೂ ಒಂದೇ ಕಂಬಳಿಯಿಂದ ಆಗಬೇಕು. ಅನತೋಲಿಯದ ಕುರುಬನೂ ನಡೆಯುವವನೇ, ಆದರೂ ಅವನು ಕೆಪೆನೆಕ್ ಎಂಬ ನಮದದ ನಿಲುವಂಗಿಯನ್ನು ತೊಡುವನಲ್ಲ ಎಂದು ಆಕ್ಷೇಪಿಸಬಹುದು. ಆ ನಿಲುವಂಗಿ ಮೈಮೇಲೆ ನಿಲ್ಲುವ ಗುಡಿಸಲಿನಂತೆ, ಅದನ್ನು ಮಡಿಸಲಾಗದು. ಅಲ್ಲಿನ ಚಳಿ ಅದನ್ನು ಬಯಸಿತು, ಇಲ್ಲಿನ ಮುಂಗಾರು ಬಯಸಲಿಲ್ಲ.

ಮೂರನೆಯದು ಸಮಾಜದ ಕಾರಣ. ಕುರಿ ಸಾಕುವುದು, ಉಣ್ಣೆ ಕತ್ತರಿಸುವುದು, ನೂಲುವುದು, ನೇಯುವುದು ಹೆಚ್ಚಾಗಿ ಒಂದೇ ಸಮುದಾಯದೊಳಗೆ ನಡೆಯುತ್ತಿದ್ದುವು. ಹಿಂಜುವ ಬಿಲ್ಲು ಪಿಂಜಾರರ ಕೈಯಲ್ಲಿತ್ತು. ಅವರ ಅನ್ನ ಹತ್ತಿಯಲ್ಲಿತ್ತು. ಜೊತೆಗೆ ಕಂಬಳಿ ಕೇವಲ ಬಟ್ಟೆಯಾಗಿರಲಿಲ್ಲ. ಮೈಲಾರನ ಗೊರವರು ತೊಡುವುದು ಕಂಬಳಿಯ ನಿಲುವಂಗಿ. ಹಾಲುಮತದ ಮದುವೆ, ಪಂಚಾಯತಿ, ಪೂಜೆಗಳಲ್ಲಿ ಕರಿಯ ಕಂಬಳಿಯ ಗದ್ದಿಗೆಯೇ ಪೀಠ. ದಖನಿನ ಪಶುಪಾಲಕರ ದೈವಗಳನ್ನು ಕುರಿತ ಸೊಂಥೈಮರ್ ಅವರ ಅಧ್ಯಯನ ಉಣ್ಣೆ, ಕುರಿ, ದೈವಗಳ ಈ ಬಾಂಧವ್ಯವನ್ನು ವಿಶದವಾಗಿ ತೋರಿಸಿದೆ. ದೇವರ ಪೀಠವಾದ ವಸ್ತು ಸುಲಭವಾಗಿ ಬದಲಾಗುವುದಿಲ್ಲ.

ಈ ಚರ್ಚೆ ಕೇವಲ ಗತಕಾಲಕ್ಕೆ ಸೇರಿದುದೆಂದು ಭಾವಿಸಬಾರದು. 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 1 ಕೋಟಿ 10 ಲಕ್ಷ ಕುರಿಗಳಿವೆ. ಆದರೆ ಕುರಿ ಇಂದು ಮಾಂಸದ ಲೆಕ್ಕದಲ್ಲಿ ಬೆಲೆ ಪಡೆಯುತ್ತದೆ. ಉಣ್ಣೆಯ ಬೆಲೆ ಅನೇಕ ಕಡೆಗಳಲ್ಲಿ ಕತ್ತರಿಸುವ ಕೂಲಿಗೂ ಸಾಲದು. ಕೊಳ್ಳುವವರಿಲ್ಲದೆ ಉಣ್ಣೆಯನ್ನು ಹೊಲದಲ್ಲಿಯೇ ಬಿಟ್ಟುಬರುವುದು ಸಾಮಾನ್ಯವಾಗಿದೆ. ಗಿರಣಿಯ ಅಗ್ಗದ ಹೊದಿಕೆಗಳ ಮುಂದೆ ಕಂಬಳಿ ಸೋಲುತ್ತಿದೆ. ಉಣ್ಣೆಯಿಲ್ಲದ ಕೂದಲು ತಳಿಗಳು ದಖನಿ ಕುರಿಯ ಸ್ಥಾನವನ್ನು ಆಕ್ರಮಿಸುತ್ತಿವೆ. ಇಂತಹ ಸಂದರ್ಭದಲ್ಲಿ, ನೂಲುವ ನೇಯುವ ಖರ್ಚಿಲ್ಲದ ನಮದದಿಂದ ಈ ಉಣ್ಣೆಗೆ ಹೊಸ ಬೆಲೆ ತರಬಹುದೆಂಬ ಸಲಹೆ ಕೇಳಿಬರುತ್ತಿದೆ. ರಾಜಸ್ಥಾನದ ಟೋಂಕಿನ ನಮದಗಳೂ, ಅಲ್ಲಿಗೆ ಸಮೀಪದ ಅವಿಕಾನಗರದಲ್ಲಿ 1962ರಲ್ಲಿ ಸ್ಥಾಪಿತವಾದ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನ ಸಂಸ್ಥೆಯೂ ಇದಕ್ಕೆ ಮಾದರಿಯಾಗಿ ಕಾಣುತ್ತವೆ.

ಸಲಹೆ ಒಳ್ಳೆಯದೇ. ಆದರೆ ಚರಿತ್ರೆ ಅದಕ್ಕೆ ಎರಡು ಮಾತುಗಳನ್ನು ಸೇರಿಸುತ್ತದೆ. ದಖನಿ ಉಣ್ಣೆ ಟೋಂಕಿನ ಉಣ್ಣೆಯಲ್ಲ. ಎಳೆಗಳನ್ನು ಆರಿಸಿ, ಮೊದಲ ಕತ್ತರಿಕೆಯ ಮರಿಯ ಮೆದು ಉಣ್ಣೆಯನ್ನು ಬೆರೆಸಿ, ತಾಳ್ಮೆಯಿಂದ ತುಳಿದಾಗ ಮಾತ್ರ ಅದು ಹದಕ್ಕೆ ಬಂದೀತು. ಎರಡನೆಯದಾಗಿ, ನಮದಕ್ಕೆ ಬೇಕಾದ ಹಿಂಜುವ ವಿದ್ಯೆ ಪಿಂಜಾರರಲ್ಲಿಯೂ, ಉಣ್ಣೆಯ ಗುಣವನ್ನು ಬೆರಳಿನಿಂದಲೇ ಅರಿಯುವ ವಿದ್ಯೆ ಕುರುಬರಲ್ಲಿಯೂ ಇದೆ. ಬೀದರದಲ್ಲಿ ಪಾರಸಿಕರ ವೈಭವವಿದ್ದ ಕಾಲದಲ್ಲಿಯೂ ಒಂದೇ ಚಾಪೆಯ ಮೇಲೆ ಕೂಡದ ಈ ಎರಡು ಕೈಗಳು ಈಗ ಕೂಡಬೇಕಾಗಿದೆ. ಎರಡು ಕಸುಬುಗಳೂ ಬಿಲ್ಲು ಮಗ್ಗಗಳನ್ನು ಅಟ್ಟಕ್ಕೆ ಏರಿಸುತ್ತಿರುವುದರಿಂದ, ಬಲ್ಲವರು ಬದುಕಿರುವಾಗಲೇ ಅವರ ಕ್ರಮಗಳನ್ನು, ಉಪಕರಣಗಳ ಹೆಸರುಗಳನ್ನು, ಉಣ್ಣೆಯ ಬಗೆಗಳಿಗೆ ಅವರಿಟ್ಟ ಶಬ್ದಗಳನ್ನು ಬರೆದಿಡುವುದು ಅಗತ್ಯ. ಶಾಸನವಿಲ್ಲದ ಈ ಚರಿತ್ರೆಗೆ ಅವರ ನೆನಪೇ ಶಾಸನ. ಹುಮನಾಬಾದ, ಬಸವಕಲ್ಯಾಣಗಳ ಕಾಲೇಜುಗಳಲ್ಲಿ ಇತಿಹಾಸವನ್ನು ಓದುವ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಿಂದಲೇ ಈ ಕೆಲಸವನ್ನು ಆರಂಭಿಸಬಹುದು.