ಅಪಘಾತವಾದರೆ ತಾಲ್ಲೂಕು ಆಸ್ಪತ್ರೆ ಬಿಟ್ಟು ಸೀದಾ ದೊಡ್ಡಾಸ್ಪತ್ರೆಗೆ ಹೋಗಬೇಕೇ?

ಅಪಘಾತವಾದಾಗ ಸಣ್ಣ ಆಸ್ಪತ್ರೆಗೆ ಹೋಗಿ ಹೊತ್ತು ಹಾಳು ಮಾಡಬೇಡಿ, ಅಲ್ಲಿ ಚೀಟಿ ಬರೆದು ಮುಂದಕ್ಕೆ ಕಳಿಸುತ್ತಾರೆ ಅಷ್ಟೇ, ಸೀದಾ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗಿ ಎನ್ನುವ ಅರ್ಥದ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಬರುತ್ತಲೇ ಇರುತ್ತವೆ. ಅರಳಸುರಳಿಯಂಥ ಊರಿನವರಿಗೆ ಇದು ಬರೀ ಚರ್ಚೆಯ ವಿಷಯವಲ್ಲ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿ.ಮೀ. ಮಣಿಪಾಲಕ್ಕೆ ಹೋಗಬೇಕೆಂದರೆ ಆಗುಂಬೆ ಘಾಟಿ ಇಳಿಯಬೇಕು. ಮಳೆಗಾಲದಲ್ಲಿ ಆ ದಾರಿ ಹೇಗಿರುತ್ತದೆ ಎಂದು ನಿಮಗೇ ಗೊತ್ತು.

ನಾವು ಪರಿಶೀಲಿಸಿದಂತೆ ಈ ಸಲಹೆ ಅರ್ಧ ನಿಜ. ಸುಳ್ಳಾದ ಅರ್ಧವೇ ಹೆಚ್ಚು ಅಪಾಯದ್ದು.

ಗಂಭೀರ ಗಾಯವಾದವರು ಮೊದಲ ಕೆಲವು ಗಂಟೆಗಳಲ್ಲಿ ಸಾಯುವುದಕ್ಕೆ ಮುಖ್ಯವಾಗಿ ಕೆಲವೇ ಕಾರಣಗಳಿವೆ. ಪ್ರಜ್ಞೆ ತಪ್ಪಿ ನಾಲಗೆ ಹಿಂದಕ್ಕೆ ಬಿದ್ದು ಅಥವಾ ರಕ್ತ, ವಾಂತಿ ಸಿಕ್ಕಿಕೊಂಡು ಉಸಿರಿನ ದಾರಿ ಮುಚ್ಚುತ್ತದೆ. ಶ್ವಾಸಕೋಶ ಹರಿದು ಎದೆಯೊಳಗೆ ಗಾಳಿ ತುಂಬಿ ಹೃದಯವನ್ನೇ ಒತ್ತುತ್ತದೆ. ಇಲ್ಲವೇ ರಕ್ತ ಸೋರಿಹೋಗುತ್ತದೆ. ತಲೆಯ ಪೆಟ್ಟು ಬೇರೆಯೇ ವಿಷಯ, ಅದಕ್ಕೆ ಆಮೇಲೆ ಬರೋಣ. ಮೊದಲ ಎರಡಕ್ಕೆ ಬೇಕಾದದ್ದು ಸಿಟಿ ಸ್ಕ್ಯಾನ್ ಅಲ್ಲ. ಬಾಯಿ ಸ್ವಚ್ಛಮಾಡಿ ಉಸಿರಿನ ಕೊಳವೆ ಹಾಕಲು, ಎದೆಗೆ ಸೂಜಿ ಅಥವಾ ಕೊಳವೆ ಹಾಕಿ ಗಾಳಿ ಹೊರಬಿಡಲು ತರಬೇತಿ ಪಡೆದ ಕೈ ಬೇಕು. ಎದೆಯಲ್ಲಿ ಗಾಳಿ ತುಂಬುತ್ತಿರುವವರನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ 60 ಕಿ.ಮೀ. ಒಯ್ದರೆ ದಾರಿಯಲ್ಲೇ ಪ್ರಾಣ ಹೋಗಬಹುದು.

ರಕ್ತಸ್ರಾವಕ್ಕೆ ಇನ್ನೂ ಸ್ಪಷ್ಟ ಪುರಾವೆ ಇದೆ. ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಅಗ್ಗದ ಇಂಜೆಕ್ಷನ್, ಹೆಪ್ಪುಗಟ್ಟಿದ ರಕ್ತ ಮತ್ತೆ ಕರಗದಂತೆ ತಡೆಯುತ್ತದೆ. ಭಾರತವೂ ಸೇರಿ 40 ದೇಶಗಳ 20,000ಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದ ಕ್ರ್ಯಾಶ್-2 ಅಧ್ಯಯನದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಮರು ವರ್ಷ ಬಂದ ವಿಶ್ಲೇಷಣೆಯಲ್ಲಿ ಗಂಟೆಗಳ ಲೆಕ್ಕ ಸಿಕ್ಕಿತು. ಗಾಯವಾದ ಒಂದು ಗಂಟೆಯೊಳಗೆ ಇಂಜೆಕ್ಷನ್ ಸಿಕ್ಕವರಲ್ಲಿ ರಕ್ತಸ್ರಾವದಿಂದ ಸತ್ತವರು ಶೇ. 5.3, ಸಿಗದವರಲ್ಲಿ ಶೇ. 7.7. ಮೂರು ಗಂಟೆ ದಾಟಿದ ಮೇಲೆ ಕೊಟ್ಟಾಗ ಲೆಕ್ಕ ತಿರುಗುಮುರುಗಾಯಿತು: ಕೊಟ್ಟವರಲ್ಲಿ ಶೇ. 4.4, ಕೊಡದವರಲ್ಲಿ ಶೇ. 3.1. ಹತ್ತಿರದ ಆಸ್ಪತ್ರೆಯಲ್ಲಿ ಜೀವ ಉಳಿಸುವ ಔಷಧಿ, ಬಹಳ ತಡವಾದರೆ ಅದೇ ಹಾನಿ ಮಾಡಬಹುದು.

ಹಾಗಾದರೆ ರಾತ್ರಿ ಡ್ಯೂಟಿಯಲ್ಲಿರುವ ಡಾಕ್ಟರಿಗೆ ಇದೆಲ್ಲ ಗೊತ್ತಿರುತ್ತದೆಯೇ? ನಮ್ಮ ಪ್ರಕಾರ ಫಾರ್ವರ್ಡ್ ಮಾಡುವವರು ಕೇಳಬೇಕಾದ ನಿಜವಾದ ಪ್ರಶ್ನೆ ಇದು.

1976ರ ಫೆಬ್ರವರಿಯಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ಜೇಮ್ಸ್ ಸ್ಟೈನರ್ ಎಂಬ ಮೂಳೆ ಶಸ್ತ್ರವೈದ್ಯರು ನಡೆಸುತ್ತಿದ್ದ ಪುಟ್ಟ ವಿಮಾನ ಹೊಲವೊಂದರಲ್ಲಿ ಬಿತ್ತು. ಪತ್ನಿ ತೀರಿಕೊಂಡರು, ಮಕ್ಕಳಿಗೆ ತೀವ್ರ ಪೆಟ್ಟಾಯಿತು. ಹತ್ತಿರದ ಹಳ್ಳಿ ಆಸ್ಪತ್ರೆಯಲ್ಲಿ ಸಿಕ್ಕ ಚಿಕಿತ್ಸೆ, ತಾನು ಹೊಲದಲ್ಲಿ ಬರಿಗೈಯಲ್ಲಿ ಮಾಡಬಹುದಾದ್ದಕ್ಕಿಂತ ಕಡೆಯಾಗಿತ್ತು ಎಂದು ಅವರಿಗೆ ಅನಿಸಿತು. ಅವರು ಆ ಆಸ್ಪತ್ರೆಯನ್ನು ಬೈದು ಸುಮ್ಮನಾಗಲಿಲ್ಲ. ಸಹೋದ್ಯೋಗಿಗಳ ಜೊತೆ ಸೇರಿ ಹಳ್ಳಿ ಡಾಕ್ಟರುಗಳಿಗೆಂದೇ ಒಂದು ತರಬೇತಿ ರೂಪಿಸಿದರು. 1978ರಲ್ಲಿ ಮೊದಲ ತರಗತಿ ನಡೆಯಿತು. ಇಂದು ಜಗತ್ತಿನಾದ್ಯಂತ ನಡೆಯುವ ಎಟಿಎಲ್‌ಎಸ್ ಕೋರ್ಸ್ ಅದೇ. ಭಾರತಕ್ಕೆ ಅದು 2009ರಲ್ಲಿ ದೆಹಲಿಯ ಏಮ್ಸ್ ಮೂಲಕ ಬಂತು. ಅಂದರೆ ಈ ವಿದ್ಯೆ ಹುಟ್ಟಿದ್ದೇ ಅರಳಸುರಳಿಯಂಥ ಜಾಗಗಳಿಗಾಗಿ, ಮಹಾನಗರಗಳಿಗಾಗಿ ಅಲ್ಲ.

ಒಮ್ಮೆ ಕಲಿತರೆ ಸಾಲದು. ಎಟಿಎಲ್‌ಎಸ್ ಪ್ರಮಾಣಪತ್ರಕ್ಕೆ ನಾಲ್ಕೇ ವರ್ಷ ಆಯುಸ್ಸು. ಅಭ್ಯಾಸ ತಪ್ಪಿದರೆ ಕಲಿತದ್ದು ತಿಂಗಳುಗಳಲ್ಲೇ ಮಸುಕಾಗತೊಡಗುತ್ತದೆ. ಜೊತೆಗೆ ಪಾಠವೇ ಬದಲಾಗುತ್ತಿರುತ್ತದೆ. ರಕ್ತ ಸೋರುತ್ತಿರುವವರಿಗೆ ಮೊದಲೇ ಎರಡು ಲೀಟರ್ ಸಲೈನ್ ಏರಿಸಿ ಎಂದು ಹಿಂದೆ ಕಲಿಸುತ್ತಿದ್ದರು. 2018ರ ಆವೃತ್ತಿ ಅದನ್ನು ಒಂದು ಲೀಟರಿಗೆ ಇಳಿಸಿ, ಬೇಗ ರಕ್ತ ಕೊಡಿ ಎಂದಿತು. ಹೆಚ್ಚು ಸಲೈನ್ ಹೋದರೆ ರಕ್ತ ತೆಳುವಾಗುತ್ತದೆ, ಮೈ ತಣ್ಣಗಾಗುತ್ತದೆ, ಹೆಪ್ಪುಗಟ್ಟುವ ಶಕ್ತಿ ಕುಗ್ಗುತ್ತದೆ. "ಒಂದೇ ಬಾಟಲಿ ಹಾಕಿ ಕೂತಿದ್ದಾರೆ" ಎಂದು ಗಲಾಟೆ ಮಾಡುವ ಮುಂಚೆ ಇದು ನೆನಪಿರಲಿ.

ವೈದ್ಯರು ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಮುಂದುವರಿದ ಶಿಕ್ಷಣ ಪಡೆಯಬೇಕು ಎಂದು 2002ರ ವೈದ್ಯಕೀಯ ನೀತಿ ನಿಯಮ ಹೇಳಿತು. ಅದರಲ್ಲಿ ಇಷ್ಟು ಗಂಟೆ ಅಪಘಾತ ಚಿಕಿತ್ಸೆಗೇ ಮೀಸಲು ಎಂದಿರಲಿಲ್ಲ. ಹೋಟೆಲಿನ ಸಭಾಂಗಣದಲ್ಲಿ ಉಪನ್ಯಾಸ ಕೇಳಿ ಊಟ ಮಾಡಿ ಬಂದರೂ ಗಂಟೆ ಗಂಟೆಯೇ. ಗೊಂಬೆಯ ಮೇಲೆ ಎದೆಗೆ ಕೊಳವೆ ಹಾಕಿ ಕಲಿಯುವುದೂ ಅದೂ ಒಂದೇ ಅಲ್ಲ.

ಇಂಥ ತರಬೇತಿಯಿಂದ ಸಾವು ಇಳಿಯುತ್ತದೆಯೇ? ಟ್ರಿನಿಡಾಡ್‌ನ ಆಸ್ಪತ್ರೆಯೊಂದರಲ್ಲಿ ಕೋರ್ಸ್ ಬಂದ ಮೇಲೆ ತೀವ್ರ ಗಾಯಾಳುಗಳ ಸಾವು ಸುಮಾರು ಅರ್ಧಕ್ಕೆ ಇಳಿಯಿತು ಎಂದು 1993ರ ವರದಿಯೊಂದು ಹೇಳುತ್ತದೆ. ಆದರೆ ಅದು ಮೊದಲು-ಆಮೇಲೆ ಎಂಬ ಹೋಲಿಕೆ. ಡಾಕ್ಟರುಗಳ ಜ್ಞಾನ, ಕೈಚಳಕ ಸುಧಾರಿಸುತ್ತದೆ ಎನ್ನಲು ಪುರಾವೆ ಗಟ್ಟಿ. ಸಾವು ತಗ್ಗುತ್ತದೆ ಎನ್ನಲು ಅಷ್ಟೇ ಗಟ್ಟಿಯಾದ ನಿಯಂತ್ರಿತ ಪ್ರಯೋಗಗಳು ಕಾಕ್ರೇನ್ ಪರಿಶೀಲನೆಗೆ ಸಿಗಲಿಲ್ಲ.

ಇನ್ನು ನಿಜವಾದ ಅರ್ಧ. ತಲೆಯೊಳಗೆ ರಕ್ತ ಹೆಪ್ಪುಗಟ್ಟಿದರೆ, ಹೊಟ್ಟೆಯೊಳಗೆ ರಕ್ತ ಸೋರುತ್ತಿದ್ದರೆ ಶಸ್ತ್ರಚಿಕಿತ್ಸೆಯೇ ಬೇಕು, ಅದಕ್ಕೆ ದೊಡ್ಡಾಸ್ಪತ್ರೆಗೆ ಬೇಗ ಹೋಗಲೇಬೇಕು. ಉಸಿರು, ರಕ್ತಸ್ರಾವ ಸಂಭಾಳಿಸಿ, ಬೇಡದ ಪರೀಕ್ಷೆಗೆ ಕಾಯಿಸದೆ ಕಳಿಸಿ ಎಂದು ಎಟಿಎಲ್‌ಎಸ್ ಕೂಡ ಕಲಿಸುತ್ತದೆ. ಆದ್ದರಿಂದ "ಬರೆದು ಕಳಿಸಿದರು" ಎನ್ನುವುದೇ ದೂರಲ್ಲ. ಏನು ಮಾಡಿ ಕಳಿಸಿದರು, ಮುಂದಿನ ಆಸ್ಪತ್ರೆಗೆ ಫೋನ್ ಮಾಡಿದರೇ ಎಂದು ಕೇಳಿ.

ಮೊದಲು 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಸಿಬ್ಬಂದಿ ಬಂದರೆ ಎಲ್ಲಿಗೆ ಒಯ್ಯಬೇಕೆಂಬುದನ್ನು ಅವರಿಗೆ ಬಿಡಿ. ರಕ್ತ ಸೋರುವ ಕಡೆ ಬಟ್ಟೆಯಿಟ್ಟು ಬಲವಾಗಿ ಒತ್ತಿ ಹಿಡಿಯಿರಿ, ನೋಡಲೆಂದು ಪದೇ ಪದೇ ತೆಗೆಯಬೇಡಿ. ನೀರು, ಕಾಫಿ ಕುಡಿಸಬೇಡಿ. ಅಡಿಕೆ ಮರದಿಂದ ಬಿದ್ದವರನ್ನು ಇಬ್ಬರ ನಡುವೆ ಬೈಕಿನಲ್ಲಿ ಕೂರಿಸಿ ಒಯ್ಯುವುದಂತೂ ಬೇಡವೇ ಬೇಡ. ಬೆನ್ನುಮೂಳೆ ಮುರಿದಿದ್ದರೆ ನರಬಳ್ಳಿಗೆ ಪೆಟ್ಟಾಗಿ ಕಾಲು ಶಾಶ್ವತವಾಗಿ ಹೋಗಬಹುದು. ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ನಾಲ್ಕು ಜನ ಸೇರಿ ಹಲಗೆಯ ಮೇಲೆ ಮಲಗಿಸಿ. ಪೊಲೀಸರ ಭಯವೂ ಬೇಡ: ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಮಿನ ಪ್ರಕಾರ ಸದುದ್ದೇಶದಿಂದ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ.