ಬೆಳೆದವರ ಬೊಂಬೆಗಳು

ಬೊಂಬೆ ಮಕ್ಕಳ ಸೊತ್ತು ಎಂಬುದು ಎಲ್ಲರೂ ಒಪ್ಪಿಕೊಂಡು ಬಂದಿರುವ ಮಾತು. ಅಂಚೆಚೀಟಿ ಕೂಡಿಡುವವನನ್ನು ಲೋಕ ರಸಿಕನೆನ್ನುತ್ತದೆ. ಹಳೆಯ ನಾಣ್ಯ ಕೂಡಿಡುವವನನ್ನು ವಿದ್ವಾಂಸನೆನ್ನುತ್ತದೆ. ತಲೆ ನರೆತವನೊಬ್ಬ ಬೊಂಬೆಗಳನ್ನು ಕೂಡಿಟ್ಟರೆ ಮಾತ್ರ ತುಟಿಯ ಅಂಚಿನಲ್ಲಿ ನಗುತ್ತದೆ. ಆ ನಗೆಯನ್ನು ನಾನೂ ಕಂಡಿದ್ದೇನೆ. ಆದುದರಿಂದ ಬೆಳೆದವರ ಬೊಂಬೆಯ ಗೀಳಿನ ಪರವಾಗಿ ನಾಲ್ಕು ಮಾತು ಹೇಳುವ ಹಕ್ಕು ನನಗಿದೆಯೆಂದು ಭಾವಿಸುತ್ತೇನೆ.

ನಿಜ ನೋಡಿದರೆ ನಮ್ಮ ಹಳೆಯ ಮೈಸೂರಿನ ಕಡೆಯವರು ಇದಕ್ಕೆ ನಗಬೇಕಾದವರೇ ಅಲ್ಲ. ನವರಾತ್ರಿ ಬಂತೆಂದರೆ ಅಟ್ಟದ ಮೇಲಿನ ಪೆಟ್ಟಿಗೆ ಕೆಳಗಿಳಿಯುತ್ತದೆ. ಮೂರೋ, ಐದೋ, ಏಳೋ, ಒಂಬತ್ತೋ, ಅಂತೂ ಬೆಸಸಂಖ್ಯೆಯ ಮೆಟ್ಟಿಲುಗಳು ಏಳುತ್ತವೆ. ಎಲ್ಲಕ್ಕಿಂತ ಮೇಲೆ ಪಟ್ಟದ ಬೊಂಬೆಗಳಾದ ರಾಜ ರಾಣಿಯರು. ಕೆಳಗೆ ದೇವಾನುದೇವತೆಗಳು, ಸಿಪಾಯಿಗಳು, ಅಕ್ಕಿ ಬೇಳೆಗಳ ಅಂಗಡಿ ಹರಡಿಕೊಂಡು ಕುಳಿತ ದಪ್ಪ ಹೊಟ್ಟೆಯ ಶೆಟ್ಟಿ ದಂಪತಿಗಳು. ಮಕ್ಕಳು ಬಂದು ನೋಡಿ, ಹಾಡು ಹೇಳಿ, ಬೊಂಬೆ ಬಾಗಿನವೆಂದು ತಿಂಡಿ ಪಡೆದು ಹೋಗುವರು. ಆದರೆ ಆ ಬೊಂಬೆಗಳನ್ನು ಆರಿಸಿದವರು, ಕೊಂಡವರು, ಹಳೆಯ ಪಂಚೆಯ ಚೂರಿನಲ್ಲಿ ಸುತ್ತಿ ವರ್ಷವಿಡೀ ಕಾಪಾಡಿದವರು ಯಾರು? ಮನೆಯ ಹೆಂಗಸರು. ರಕ್ತಚಂದನದ ಪಟ್ಟದ ಬೊಂಬೆಯನ್ನು ಮದುವೆಯಲ್ಲಿ ತವರಿನವರು ಮಗಳಿಗೆ ಕೊಡುವುದು ಪದ್ಧತಿ. ಅಂದರೆ ಬಾಲ್ಯ ಮುಗಿಯಿತೆಂದು ಎಲ್ಲರೂ ತಿಳಿದ ದಿನವೇ ಅವಳ ಬೊಂಬೆಯ ಸಂಗ್ರಹ ಮೊದಲಾಗುತ್ತಿತ್ತು! ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರೆಯ ವೈಭವ ಇತಿಹಾಸದ ಪುಸ್ತಕಗಳಲ್ಲಿದೆ. ಮೈಸೂರಿನ ಅರಮನೆಯಲ್ಲಿ ಬೊಂಬೆಗಳಿಗೆಂದೇ ಹೆಸರಾದ ಗೊಂಬೆ ತೊಟ್ಟಿಯೂ ಇದೆ. ಆದರೆ ಮನೆಮನೆಯ ಈ ಪುಟ್ಟ ಅರಮನೆಗಳ ಚರಿತ್ರೆಯನ್ನು ಬರೆದವರು ಕಡಮೆ.

ಬೊಂಬೆಯ ಮೋಹಕ್ಕೆ ನಡುವಯಸ್ಸಿನಲ್ಲಿ ಸಿಕ್ಕಿಬಿದ್ದವರಲ್ಲಿ ದೊಡ್ಡವರೆಂದರೆ ವ್ಯಂಗ್ಯಚಿತ್ರಕಾರ ಶಂಕರ್. ಕೇರಳದ ಕಾಯಂಕುಳದಲ್ಲಿ 1902ರಲ್ಲಿ ಹುಟ್ಟಿದ ಕೇಶವ ಶಂಕರ ಪಿಳ್ಳೆಯವರು 1948ರಲ್ಲಿ ದೆಹಲಿಯಲ್ಲಿ ‘ಶಂಕರ್ಸ್ ವೀಕ್ಲಿ’ಯನ್ನು ಆರಂಭಿಸಿದರು. ದೊಡ್ಡವರನ್ನು ಗೇಲಿ ಮಾಡುವುದು ಅವರ ಉದ್ಯೋಗ. ಪ್ರಧಾನಿ ನೆಹರೂ ಅವರ ಕುಂಚಕ್ಕೆ ಮತ್ತೆ ಮತ್ತೆ ಸಿಕ್ಕಿದವರು. ಅದರ ಜೊತೆಗೆ ಮಕ್ಕಳಿಗಾಗಿ ಚಿತ್ರ ಮತ್ತು ಬರವಣಿಗೆಯ ಅಂತರರಾಷ್ಟ್ರೀಯ ಸ್ಪರ್ಧೆಯನ್ನೂ ಅವರು ನಡೆಸುತ್ತಿದ್ದರು. 1950ರ ದಶಕದ ಮೊದಲಲ್ಲಿ ಹಂಗೆರಿಯ ರಾಯಭಾರಿ ಆ ಸ್ಪರ್ಧೆಯ ಬಹುಮಾನಕ್ಕೆಂದು ತಮ್ಮ ದೇಶದ ಬೊಂಬೆಯೊಂದನ್ನು ಕೊಟ್ಟರು. ಮಗುವಿಗೆಂದು ಬಂದ ಬೊಂಬೆ ಐವತ್ತರ ಆಸುಪಾಸಿನ ಮನುಷ್ಯನ ಮನಸ್ಸನ್ನು ಕದ್ದುಬಿಟ್ಟಿತು.

ಅಲ್ಲಿಂದ ಮುಂದೆ ಶಂಕರ್ ಪತ್ರಕರ್ತರ ತಂಡದಲ್ಲಿ ಪ್ರಧಾನಿಯೊಡನೆ ಹೊರದೇಶಗಳಿಗೆ ಹೋದಾಗಲೆಲ್ಲ ಅಲ್ಲಿಯ ಬೊಂಬೆಗಳನ್ನು ತರತೊಡಗಿದರು. ಬೊಂಬೆಗಳು ಸುಮಾರು ಐನೂರಾದವು. ಮಕ್ಕಳ ಚಿತ್ರಗಳೊಡನೆ ಅವನ್ನೂ ಊರೂರಿಗೆ ಒಯ್ದು ತೋರಿಸುವುದು ರೂಢಿಯಾಯಿತು. ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು. ಹೀಗೆ ಕೆಲವಕ್ಕೆ ಪೆಟ್ಟು ಬಿದ್ದಿತು. ದೆಹಲಿಯ ಪ್ರದರ್ಶನವೊಂದಕ್ಕೆ ನೆಹರೂ ಮತ್ತು ಇಂದಿರಾ ಗಾಂಧಿ ಬಂದಾಗ ಶಂಕರ್ ಈ ಕಷ್ಟವನ್ನು ತೋಡಿಕೊಂಡರು. ಬೊಂಬೆಗಳಿಗೊಂದು ಕಾಯಂ ಮನೆ ಬೇಕೆಂಬ ಮಾತು ಹುಟ್ಟಿದ್ದು ಅಲ್ಲಿ. ಮನೆ ಸಿದ್ಧವಾಗುವ ಹೊತ್ತಿಗೆ ನೆಹರೂ ತೀರಿಕೊಂಡಿದ್ದರು. 1965ರ ನವೆಂಬರ್ 30ರಂದು, ಹಿಂದೊಮ್ಮೆ ನಮ್ಮ ಮೈಸೂರಿನಲ್ಲಿ ತತ್ತ್ವಶಾಸ್ತ್ರ ಬೋಧಿಸಿದ್ದ ರಾಷ್ಟ್ರಪತಿ ಡಾ. ರಾಧಾಕೃಷ್ಣನ್ ಅವರು ಆ ಬೊಂಬೆಗಳ ವಸ್ತುಸಂಗ್ರಹಾಲಯದ ಬಾಗಿಲು ತೆರೆದರು. ತತ್ತ್ವಜ್ಞಾನಿಗೆ ಇಲ್ಲದ ಸಂಕೋಚ ನಮಗೇಕೆ?

ದೆಹಲಿಯ ನೆಹರೂ ಹೌಸಿನಲ್ಲಿರುವ ಆ ಸಂಗ್ರಹದಲ್ಲಿ ಇಂದು ಎಂಬತ್ತಕ್ಕೂ ಹೆಚ್ಚು ದೇಶಗಳ 6,000ಕ್ಕೂ ಮಿಕ್ಕಿದ ಬೊಂಬೆಗಳಿವೆ. ಪಕ್ಕದಲ್ಲೇ ಕಾರ್ಯಾಗಾರವುಂಟು. ನಮ್ಮ ನಾಡಿನ ಉಡುಗೆ ತೊಡುಗೆಗಳ ಬೊಂಬೆಗಳನ್ನು ಅಲ್ಲಿ ಕೈಯಿಂದ ಮಾಡಿ, ಹೊರದೇಶಗಳಿಂದ ಬಂದ ಕೊಡುಗೆಗಳಿಗೆ ಮರುಕೊಡುಗೆಯಾಗಿ ಕಳುಹಿಸುತ್ತಾರೆ. ಬೀಗರು ಬಾಗಿನ ಬದಲಾಯಿಸಿಕೊಂಡಂತೆ ದೇಶಗಳು ಬೊಂಬೆ ಬದಲಾಯಿಸಿಕೊಳ್ಳುತ್ತವೆ.

ಆದರೆ ಈ ಬಾಗಿನದ ಕಥೆ ಯಾವಾಗಲೂ ಸುಖಾಂತವಲ್ಲ. ಜಪಾನಿನಲ್ಲಿ ಮಾರ್ಚ್ 3ರಂದು ಹೆಣ್ಣುಮಕ್ಕಳ ಬೊಂಬೆ ಹಬ್ಬ. ಕೆಂಪು ಬಟ್ಟೆ ಹಾಸಿದ ಮೆಟ್ಟಿಲುಗಳು. ಮೇಲಿನ ಮೆಟ್ಟಿಲಲ್ಲಿ ಚಕ್ರವರ್ತಿ ಮತ್ತು ಚಕ್ರವರ್ತಿನಿ. ನಮ್ಮ ಅಜ್ಜಿಯರು ನೋಡಿದ್ದರೆ ತಮ್ಮ ಮನೆಯ ಹಬ್ಬವೇ ಎನ್ನುತ್ತಿದ್ದರು. 1924ರಲ್ಲಿ ಅಮೆರಿಕ ಜಪಾನೀಯರ ವಲಸೆಯನ್ನು ಕಾನೂನಿನಿಂದ ತಡೆಯಿತು. ಕೆಟ್ಟ ಮನಸ್ಸುಗಳನ್ನು ಸರಿಪಡಿಸಲೆಂದು, ಜಪಾನಿನಲ್ಲಿ ಬಹುಕಾಲವಿದ್ದ ಪಾದ್ರಿ ಸಿಡ್ನಿ ಗುಲಿಕ್ 1927ರ ಆ ಹಬ್ಬಕ್ಕೆ ಅಮೆರಿಕದ ಮಕ್ಕಳಿಂದ 12,000ಕ್ಕೂ ಹೆಚ್ಚು ನೀಲಿಗಣ್ಣಿನ ಬೊಂಬೆಗಳನ್ನು ಕಳುಹಿಸಿದರು. ಜಪಾನಿನಲ್ಲಿ ಅವನ್ನು ಬರಮಾಡಿಕೊಳ್ಳುವ ಹೊಣೆ ಹೊತ್ತವರು ಎಂಬತ್ತು ದಾಟಿದ್ದ ಉದ್ಯಮಿ ಶಿಬುಸಾವಾ ಎಯಿಚಿ. ಅದೇ ವರ್ಷ ಜಪಾನು 58 ಬೊಂಬೆಗಳನ್ನು ಪ್ರತಿಯಾಗಿ ಕಳುಹಿಸಿತು.

ಹದಿನಾಲ್ಕು ವರ್ಷ ಕಳೆಯಿತು, ಯುದ್ಧ ಬಂದಿತು. ನೀಲಿಗಣ್ಣಿನ ಅತಿಥಿಗಳು ಶತ್ರುಗಳಾದರು. ಶಾಲೆಗಳಲ್ಲಿದ್ದ ಬೊಂಬೆಗಳನ್ನು ಮಕ್ಕಳ ಕಣ್ಣೆದುರಿಗೇ ಸುಟ್ಟರು. ಆದರೆ ಕೆಲವೆಡೆ ಉಪಾಧ್ಯಾಯರು ಬೊಂಬೆಯನ್ನು ಬೆಂಕಿಗೆ ಹಾಕಲಾರದೆ ಬಚ್ಚಿಟ್ಟರು. ಒಂದು ಬೊಂಬೆಗಾಗಿ ದೇಶದ್ರೋಹಿ ಎನಿಸಿಕೊಳ್ಳುವ ಭಯವನ್ನು ಹೊತ್ತು ಬದುಕಿದ ಬೆಳೆದ ಜನರು ಅವರು! 1970ರ ದಶಕದಿಂದ ಈಚೆಗೆ ಅಂಥವು ಒಂದೊಂದಾಗಿ ಹೊರಬಂದಿವೆ. ಸುಮಾರು 300 ಉಳಿದಿವೆ. ಅವರನ್ನು ನೋಡಿ ಯಾರಾದರೂ ನಗಬಲ್ಲರೇ?

ಇನ್ನು ನನ್ನ ಮಾತು. ಅಜ್ಜಿ ತೀರಿಕೊಂಡ ಮೇಲೆ ಮನೆಯ ಸಾಮಾನು ಪಾಲಾಯಿತು. ಹಿತ್ತಾಳೆಯ ಕೊಳಗಕ್ಕೂ ಕಡೆಗೋಲಿಗೂ ಹಕ್ಕುದಾರರು ಹುಟ್ಟಿಕೊಂಡರು. ಬೊಂಬೆಯ ಪೆಟ್ಟಿಗೆಯನ್ನು ಕೇಳಿದವರಿಲ್ಲ. ಒಂದು ಕೈ ಮುರಿದ ರಾಜ, ಬಣ್ಣ ಹೋದ ರಾಣಿ, ಚನ್ನಪಟ್ಟಣದ ನಾಲ್ಕಾರು ಅರಗಿನ ಬಣ್ಣದ ಆಟಿಕೆಗಳು. ಒಲೆಗೆ ಹಾಕುವುದಕ್ಕಿಂತ ಲೇಸೆಂದು ನಾನು ಹೊತ್ತು ತಂದೆ. ನಲವತ್ತು ದಾಟಿದ ನನ್ನ ಗೀಳು ಹೀಗೆ ಹತ್ತಿಕೊಂಡಿತು. ಆಮೇಲೆ ಕಿನ್ನಾಳಕ್ಕೂ ಗೋಕಾಕಕ್ಕೂ ಹೋಗಿಬಂದೆ. ಸೀರೆಯ ನೆರಿಗೆ ಬೆನ್ನ ಹಿಂದೆ ಬರುವುದನ್ನು ಕೊಡಗಿನ ಬೊಂಬೆಯಿಂದ ಕಲಿತೆ. ಹಗುರವಾದ ಆಲೆಮರ ಕಡೆತಕ್ಕೆ ಹೇಗೆ ಒಗ್ಗುವುದೆಂಬುದನ್ನು ಚನ್ನಪಟ್ಟಣದಲ್ಲಿ ಕಣ್ಣಾರೆ ಕಂಡೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಬಣ್ಣ ಕರಗಿ ಹಿಡಿಯುವ ಆ ಗಳಿಗೆಯನ್ನು ಎಷ್ಟು ಸಲ ನೋಡಿದರೂ ಸಾಲದು.

ಆದರೆ ದೊಡ್ಡ ಆಶ್ಚರ್ಯ ಮನೆಯಲ್ಲೇ ಕಾದಿತ್ತು. ಒಮ್ಮೆ ನವರಾತ್ರಿಗೆ ರಾಣಿಯ ಸೀರೆ ಬದಲಾಯಿಸಲು ಕುಳಿತೆ. ಬಿಚ್ಚಿದರೆ ಒಳಗೆ ಇನ್ನೊಂದು ಸೀರೆ, ಅದರೊಳಗೆ ಮತ್ತೊಂದು. ಅಜ್ಜಿ ಹಳೆಯದನ್ನು ತೆಗೆಯದೆ ಅದರ ಮೇಲೆಯೇ ಹೊಸದನ್ನು ಉಡಿಸುತ್ತಿದ್ದಳು. ಐದು ಪದರ. ಅಮ್ಮನನ್ನು ಕರೆದೆ. ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಹೇಳಿದಳು: ಇದು ತನ್ನ ಮದುವೆಯ ರವಿಕೆಯದು, ಇದು ಸೋದರತ್ತೆಯ ಸೀರೆಯ ಸೆರಗು. ಕಡೆಯದು ಹಸಿರು ಬಣ್ಣದ ಅಂಗೈಯಗಲದ ಚೂರು. ಅಮ್ಮ ಬಹಳ ಹೊತ್ತು ಸುಮ್ಮನಿದ್ದು, “ಇದು ಅಕ್ಕನ ಲಂಗ” ಎಂದಳು. ಎಂಟನೆಯ ವಯಸ್ಸಿನಲ್ಲಿ ಜ್ವರದಿಂದ ತೀರಿಕೊಂಡ ದೊಡ್ಡಮ್ಮ ಒಬ್ಬಳಿದ್ದಳೆಂಬುದು ನನಗೆ ತಿಳಿದದ್ದು ಅಂದು. ಅವಳ ಚಿತ್ರವಿಲ್ಲ, ಜಾತಕವಿಲ್ಲ, ಹೆಸರು ಹಿಡಿದು ಕರೆದವರು ಉಳಿದಿಲ್ಲ. ಆ ಚೂರೊಂದಿದೆ.

ಐದು ಪದರವನ್ನೂ ಇದ್ದ ಕ್ರಮದಲ್ಲೇ ಅಮ್ಮ ಮತ್ತೆ ಉಡಿಸಿದಳು. ಮೇಲೆ ನಾನು ತಂದಿದ್ದ ಹೊಸ ಸೀರೆ. ಈಗ ಆರು. ಓದುಗರ ಮನೆಯ ಅಟ್ಟದಲ್ಲಿಯೂ ಅಂಥದೊಂದು ಪೆಟ್ಟಿಗೆ ಇದ್ದೀತು. ಮನೆ ಬದಲಾಯಿಸುವಾಗ ಹಳೆಯ ಸಾಮಾನಿನವನಿಗೆ ಹಾಕುವ ಮುನ್ನ, ಹೆಸರು ಹೇಳಬಲ್ಲವರು ಮನೆಯಲ್ಲಿ ಇರುವಾಗಲೇ ಒಮ್ಮೆ ಬಿಚ್ಚಿ ನೋಡಿ. ನಗುವವರು ನಗಲಿ.